ಮರೆವಿನ ಕಾಯಿಲೆ: ಮುಂಬೈಯ ಕನ್ನಡ ಮನೆಗಳಿಗೆ ಯಾವ ನೆರವು ಹೊಂದುತ್ತದೆ?

ನಮ್ಮ ಮಾವ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಅಡುಗೆಮನೆಯ ಲೈಟು ಹಾಕುತ್ತಿದ್ದರು. ಇಡ್ಲಿ ಹಿಟ್ಟು ಎಲ್ಲಿ, ಮಾಣಿಗಳು ಎದ್ದರಾ ಅಂತ ಕೇಳುತ್ತಿದ್ದರು. ಫೋರ್ಟಿನ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದವರು. ಮೊದಲು ಕಪ್ಪು ತೊಳೆದು, ಆಮೇಲೆ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದಲ್ಲಿ ಕೂತವರು. ಹೋಟೆಲು ಬಿಟ್ಟು ಹದಿನೈದು ವರ್ಷವಾಗಿತ್ತು. ಆದರೆ ಆ ಹೊತ್ತಿನಲ್ಲಿ ಅವರ ಪಾಲಿಗೆ ಹೋಟೆಲು ತೆರೆಯಲೇಬೇಕಿತ್ತು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಎದ್ದು ಗ್ಯಾಸ್ ನೋಡುತ್ತಿದ್ದೆ. ನನ್ನ ಗಂಡ ಎದ್ದು ಬಾಗಿಲ ಚಿಲಕ ನೋಡುತ್ತಿದ್ದರು. ಆರು ಗಂಟೆಗೆ ಅವರು ಲೋಕಲ್ ಹಿಡಿಯಬೇಕಿತ್ತು.

ಮಾವನಿಗೆ ಇದ್ದದ್ದು ಮರೆವಿನ ಕಾಯಿಲೆ, ಡಾಕ್ಟರು ಹೇಳುವ ಡಿಮೆನ್ಶಿಯಾ. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಪರಿಚಯದವರು ಫೋನ್ ಮಾಡಿ ನನ್ನನ್ನು ಕೇಳುತ್ತಾರೆ. "ಡೇ ಕೇರಿಗೆ ಕಳಿಸೋದಾ, ಮನೆಗೆ ಜನ ಇಡೋದಾ, ಊರಿಗೆ ಬಿಟ್ಟು ಬರೋದಾ, ಹೋಮಿಗೆ ಸೇರಿಸೋದಾ? ಯಾವುದು ಒಳ್ಳೇದು?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ದಿನದ ಯಾವ ಗಂಟೆಗಳು ನಿಮಗೆ ತುಂಬಾ ಕಷ್ಟ? ಅವರು ಈಗ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೆ? ನಮ್ಮ ಮನೆಯಲ್ಲಿ ಏಳು ವರ್ಷ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಈ ಎರಡು ಪ್ರಶ್ನೆಗಳ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಆದ ಹಾಗೆ.

ಭಾಷೆಯ ಮಾತು ಯಾಕೆ ಅಂದರೆ, ಈ ಕಾಯಿಲೆಯಲ್ಲಿ ಅನೇಕರಿಗೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ. ಮಾವ ನಲವತ್ತು ವರ್ಷ ಗಿರಾಕಿಗಳ ಜೊತೆ ಹಿಂದಿ, ಮರಾಠಿ, ಗುಜರಾತಿ ಮಾತಾಡಿದವರು. ನಾಲ್ಕನೇ ವರ್ಷದ ಹೊತ್ತಿಗೆ ಅವೆಲ್ಲ ಹೋಗಿ ಕುಂದಾಪುರದ ಕನ್ನಡ ಮಾತ್ರ ಉಳಿಯಿತು. ಮುಂಬೈಯಲ್ಲಿ ಸಿಗುವ ನೆರವೆಲ್ಲ ಹೆಚ್ಚಾಗಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ನಡೆಯುತ್ತದೆ. ಮರಾಠಿ ಮನೆಯವರಿಗೆ ಹೊಂದುವ ಸಲಹೆ ನಮಗೂ ಹಾಗೇ ಹೊಂದುವುದಿಲ್ಲ.

ಆಯ್ಕೆಗೆ ಮುಂಚೆ ಡಾಕ್ಟರು

ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಕೂರಬೇಡಿ. ಬಿ12 ಕಡಿಮೆಯಾದರೆ, ಥೈರಾಯಿಡ್ ಏರುಪೇರಾದರೆ, ಖಿನ್ನತೆ ಇದ್ದರೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿಕೊಂಡಿದ್ದರೆ ಕೂಡ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಸಸ್ಯಾಹಾರಿಗಳಾದರೆ ಬಿ12 ಪರೀಕ್ಷೆ ತಪ್ಪಿಸಲೇಬಾರದು. ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್ಲಿನ ನಾಯರ್, ಬೈಕಲಾದ ಜೆಜೆ, ಈ ನಾಲ್ಕರಲ್ಲೂ ನರರೋಗ ಮತ್ತು ಮನೋರೋಗ ವಿಭಾಗಗಳಿವೆ. ಸಾಲು ಉದ್ದ ಇರುತ್ತದೆ, ಖರ್ಚು ಕಡಿಮೆ. ಡಾಕ್ಟರು ನೆನಪಿನ ಪರೀಕ್ಷೆ ಮಾಡುವಾಗ, ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಲು ನನಗೆ ಅವಕಾಶ ಕೊಡಿ ಅಂತ ಕೇಳಿ. ಉತ್ತರವನ್ನು ಮಾತ್ರ ಹೇಳಿಕೊಡಬೇಡಿ. ಮಾವನಿಗೆ ಮೊದಲ ಸಲ ಹಿಂದಿಯಲ್ಲಿ ಕೇಳಿದಾಗ ಬಂದ ಅಂಕಕ್ಕೂ ನಾನು ಕನ್ನಡದಲ್ಲಿ ಕೇಳಿದಾಗ ಬಂದ ಅಂಕಕ್ಕೂ ತುಂಬಾ ವ್ಯತ್ಯಾಸ ಇತ್ತು.

ಆಮೇಲೆ ಒಂದು ವಾರ ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಎದ್ದರು, ಯಾವಾಗ ಸಿಟ್ಟು ಬಂತು, ಯಾವಾಗ ಅತ್ತರು, ನೀವು ಎಷ್ಟು ಹೊತ್ತು ಮಲಗಿದಿರಿ. ನಿಮ್ಮ ನಿದ್ದೆಯನ್ನು ಬರೆಯುವುದು ಮರೆಯಬೇಡಿ. ಮುಂದಿನ ಹೋಲಿಕೆಗೆಲ್ಲ ಈ ನೋಟ್‌ಬುಕ್ಕೇ ಆಧಾರ.

ಡೇ ಕೇರ್: ಹಗಲು ಕಷ್ಟ ಇದ್ದವರಿಗೆ

ಕಾಯಿಲೆ ಶುರುವಿನಲ್ಲೋ ನಡುವಿನಲ್ಲೋ ಇದ್ದು, ನಡೆಯಲು ಬರುತ್ತಿದ್ದು, ಹಗಲಿನಲ್ಲಿ ಮನೆಯಲ್ಲಿ ಯಾರೂ ಇಲ್ಲದಿದ್ದರೆ ನನ್ನ ಮೊದಲ ಆಯ್ಕೆ ಡೇ ಕೇರ್. 1995ರಲ್ಲಿ ಮುಂಬೈಯಲ್ಲಿ ಶುರುವಾದ ಡಿಗ್ನಿಟಿ ಫೌಂಡೇಶನ್ ಇಂಥ ಕೇಂದ್ರಗಳನ್ನು ನಡೆಸಿಕೊಂಡು ಬಂದಿದೆ. ಬೇರೆ ಸಂಸ್ಥೆಗಳೂ ಇವೆ. ಹಾಡು, ಲಘು ವ್ಯಾಯಾಮ, ಚಿತ್ರ ಜೋಡಿಸುವುದು, ಜೊತೆಯಲ್ಲಿ ಚಹಾ, ಊಟ. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ಹಗಲು ಕೈಕಾಲು ಆಡಿದವರು ರಾತ್ರಿ ಸ್ವಲ್ಪ ಮಲಗುತ್ತಾರೆ. ನಮಗೆ ಅದೇ ದೊಡ್ಡದು.

ಮಾವ ಹೋಗುತ್ತಿದ್ದ ಕೇಂದ್ರದಲ್ಲಿ ಮೊದಲ ಎರಡು ವಾರ ಮೂಲೆಯಲ್ಲಿ ಕೂತಿದ್ದರು. ಹಾಡುಗಳೆಲ್ಲ ಹಿಂದಿ, ಮರಾಠಿ. ನಾನು ಅಲ್ಲಿನ ಹುಡುಗಿಗೆ ಇವರು ಗಲ್ಲಾದಲ್ಲಿ ಕೂತವರು ಅಂತ ಹೇಳಿದೆ. ಮರುದಿನ ಅವಳು ಒಂದು ಡಬ್ಬಿ ಚಿಲ್ಲರೆ ತಂದು ಅವರ ಮುಂದೆ ಸುರಿದಳು. ಮಾವ ಒಂದು ರೂಪಾಯಿ, ಎರಡು ರೂಪಾಯಿ, ಐದು ರೂಪಾಯಿ ಬೇರೆ ಬೇರೆ ಮಾಡಿ ಹತ್ತರ ಕಂಬ ಕಟ್ಟಿದರು. ಅವತ್ತಿನಿಂದ ಅದು ಅವರ ಕೆಲಸ. ಭಾಷೆ ಬಾರದ ಕಡೆ ಕೈಗೆ ಗೊತ್ತಿರುವ ಕೆಲಸ ದಾರಿ ಮಾಡಿಕೊಡುತ್ತದೆ. ಸೇರಿಸುವಾಗ ಒಂದು ಹಾಳೆಯಲ್ಲಿ ಅವರ ಜೀವನದ ಬಗ್ಗೆ ಬರೆದುಕೊಡಿ. ಏನು ಕೆಲಸ ಮಾಡಿದರು, ಏನು ತಿನ್ನುತ್ತಾರೆ, ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ.

ಡೇ ಕೇರಿನ ತೊಂದರೆ ಅಂದರೆ ದೂರ. ಮುಂಬೈಯಲ್ಲಿ ಒಳ್ಳೆಯ ಕೇಂದ್ರ ಇದೆ ಅನ್ನುವುದು ಬೇರೆ, ಅದು ನಿಮ್ಮ ಸ್ಟೇಶನ್ನಿನ ಹತ್ತಿರ ಇದೆ ಅನ್ನುವುದು ಬೇರೆ. ಒಂದು ಕಡೆಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಆಗುತ್ತದೆ ಅಂದರೆ ನಾನು ಬೇಡ ಅನ್ನುತ್ತೇನೆ. ಲೋಕಲಿನ ಗದ್ದಲದಲ್ಲಿ ಅವರು ಗಾಬರಿಯಾಗುತ್ತಾರೆ. ಟ್ಯಾಕ್ಸಿಯ ಖರ್ಚು ಡೇ ಕೇರಿನ ಫೀಸನ್ನು ಮೀರುತ್ತದೆ. ನೋಡಲು ಹೋದಾಗ ಮೂತ್ರ ಆದರೆ ಬಟ್ಟೆ ಬದಲಾಯಿಸುತ್ತಾರಾ, ಬಾಗಿಲಿಗೆ ಯಾರಿರುತ್ತಾರೆ, ಎಷ್ಟು ಜನಕ್ಕೆ ಒಬ್ಬರು ನೋಡಿಕೊಳ್ಳುವವರು ಅಂತ ಕೇಳಿ. ಡೈಪರ್ ಹಾಕಿದವರನ್ನು ಸೇರಿಸಿಕೊಳ್ಳದ ಕೇಂದ್ರಗಳೂ ಇವೆ. ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಬ್ಯೂರೋದಿಂದ ಮನೆಗೆ ಜನ: ರಾತ್ರಿ ಕಷ್ಟ ಇದ್ದವರಿಗೆ

ಬ್ಯೂರೋ ಅಂದರೆ ರೋಗಿಗಳನ್ನು ನೋಡಿಕೊಳ್ಳಲು ಮನೆಗೆ ಜನ ಕಳಿಸುವ ಏಜೆನ್ಸಿ. ಮುಂಬೈಯ ಹೆಚ್ಚಿನ ಮನೆಗಳು ಕೊನೆಗೆ ಬರುವುದು ಇಲ್ಲಿಗೇ. ನಾವೂ ಬಂದೆವು. ಹನ್ನೆರಡು ಗಂಟೆಯ ಪಾಳಿ, ಇಪ್ಪತ್ತನಾಲ್ಕು ಗಂಟೆಯ ಪಾಳಿ ಅಂತ ಎರಡು ಥರ ಇರುತ್ತದೆ. ನಾವು ರಾತ್ರಿಯ ಹನ್ನೆರಡು ಗಂಟೆಗೆ 800 ರೂಪಾಯಿ ಕೊಡುತ್ತಿದ್ದೆವು. ತಿಂಗಳಿಗೆ ಲೆಕ್ಕ ಹಾಕಿದರೆ 24,000. ಅದರಲ್ಲಿ ಒಂದು ಪಾಲು ಬ್ಯೂರೋದವರಿಗೆ ಹೋಗುತ್ತದೆ. ಕೆಲಸ ಮಾಡುವ ಹುಡುಗನಿಗೆ ಎಷ್ಟು ಸಿಗುತ್ತದೆ ಅಂತ ನೇರವಾಗಿ ಕೇಳಿ. ತೀರಾ ಕಡಿಮೆ ಸಿಗುವವನು ಹೆಚ್ಚು ದಿನ ನಿಲ್ಲುವುದಿಲ್ಲ.

ನಮಗೆ ಒಂದು ಬ್ಯೂರೋ ಎರಡು ತಿಂಗಳಲ್ಲಿ ಐದು ಜನರನ್ನು ಕಳಿಸಿತು. ಪ್ರತಿ ಸಲ ಹೊಸ ಮುಖ ನೋಡಿ ಮಾವ ಕಳ್ಳ ಬಂದ ಅಂತ ಕೂಗುತ್ತಿದ್ದರು. ನಾಲ್ಕನೆಯವನು ಅವರ ಕೈಯನ್ನು ಟವೆಲಿನಲ್ಲಿ ಮಂಚಕ್ಕೆ ಕಟ್ಟಿದ್ದ. ನಾನು ನೀರು ಕುಡಿಯಲು ಎದ್ದಾಗ ನೋಡಿದೆ. ಮಾವ ಕೂಗಿರಲಿಲ್ಲ. ಸುಮ್ನೆ ಚಾವಣಿ ನೋಡುತ್ತಾ ಮಲಗಿದ್ದರು. ಆ ಹುಡುಗನಿಗೆ ಈ ಕಾಯಿಲೆ ಏನು ಅಂತಲೇ ಯಾರೂ ಹೇಳಿಕೊಟ್ಟಿರಲಿಲ್ಲ. ಬ್ಯೂರೋಗೆ ಫೋನ್ ಮಾಡಿದರೆ, ಬೇರೆಯವನನ್ನು ಕಳಿಸುತ್ತೇವೆ ಅಂದರು, ಅಷ್ಟೇ.

ಅದಕ್ಕೇ ಹೇಳುತ್ತೇನೆ. ಬ್ಯೂರೋ ಆರಿಸುವಾಗ ರೇಟು ಕೇಳುವ ಮೊದಲು ಮೂರು ವಿಷಯ ಕೇಳಿ. ಮರೆವಿನ ಕಾಯಿಲೆಯವರನ್ನು ನೋಡಿಕೊಂಡವರು ನಿಮ್ಮಲ್ಲಿ ಇದ್ದಾರಾ? ಒಬ್ಬರನ್ನೇ ಮೂರು ತಿಂಗಳು ಕೊಡುತ್ತೀರಾ? ಪೊಲೀಸ್ ಪರಿಶೀಲನೆಯ ಕಾಗದ ಇದೆಯಾ? ಮೊದಲ ಮೂರು ದಿನ ಹೊಸಬರ ಜೊತೆ ನೀವೇ ಇರಿ. ಗಂಡಸರಿಗೆ ಗಂಡಸು, ಹೆಂಗಸರಿಗೆ ಮಾವಶಿ ಅನ್ನುವುದನ್ನು ಸಡಿಲ ಬಿಡಬೇಡಿ. ಸ್ನಾನದ ಹೊತ್ತಿನ ಜಗಳದಲ್ಲಿ ಅರ್ಧ ನಾಚಿಕೆಯಿಂದಲೇ ಹುಟ್ಟುತ್ತದೆ.

ಐದನೆಯವನು ಕಲ್ಯಾಣದ ಕಡೆಯ ಹುಡುಗ. ಮರಾಠಿಯವನು. ಅವನಿಗಾಗಿ ನಾನು ಒಂದು ಹಾಳೆಯಲ್ಲಿ ಇಪ್ಪತ್ತು ಮಾತುಗಳನ್ನು ದೇವನಾಗರಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಪುಸ್ತಕದ ಕನ್ನಡ ಅಲ್ಲ, ನಮ್ಮ ಮನೆಯ ಮಾತು. ಬನ್ನಿ, ಕೂಕಣಿ (ಕೂತುಕೊಳ್ಳಿ), ಉಂಬ (ಊಟ ಮಾಡೋಣ), ಸಾಕಾ, ನೋವಿತ್ತಾ. ಅವನು ವಾರದಲ್ಲಿ ಕಲಿತ. ಅವನು "ಉಂಬ" ಅಂದರೆ ಮಾವ ತಟ್ಟೆಯ ಮುಂದೆ ಕೂರುತ್ತಿದ್ದರು. ಅವನನ್ನು ಮಾಣಿ ಅಂತ ಕರೆಯುತ್ತಿದ್ದರು. ಹದಿನಾಲ್ಕು ತಿಂಗಳು ಅವನೇ ಇದ್ದ. ನಿಮ್ಮ ಮನೆಯಲ್ಲಿ ತುಳು ಆದರೆ ತುಳು, ಹವ್ಯಕ ಆದರೆ ಹವ್ಯಕ, ಧಾರವಾಡದ ಮಾತಾದರೆ ಅದು. ಒಂದು ಸಂಜೆಯ ಕೆಲಸ. ನಮಗೆ ಇದಕ್ಕಿಂತ ಹೆಚ್ಚು ಉಪಯೋಗವಾದದ್ದು ಬೇರೆ ಯಾವುದೂ ಇಲ್ಲ.

ಮನೆಗೆ ಬರುವವರಿಗೆ ಇನ್ನೊಂದು ಮಾತು ಕಲಿಸಿಡಿ. ಎರಡೇ ದಿನದಲ್ಲಿ ಹಠಾತ್ತಾಗಿ ಜಾಸ್ತಿ ಗಲಿಬಿಲಿ ಆದರೆ, ಅಥವಾ ಇಲ್ಲದ್ದು ಕಾಣತೊಡಗಿದರೆ, ಅದು ಮರೆವು ಮುಂದುವರಿದದ್ದು ಅಂತ ಬಿಡಬಾರದು. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ನೀರು ಕಡಿಮೆ ಕುಡಿದದ್ದು, ಇವೆಲ್ಲ ಹಾಗೆ ಮಾಡುತ್ತವೆ. ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಹೊರಗೆ ಹೋಗಿಬಿಡುವ ಅಭ್ಯಾಸ ಇದ್ದರೆ ಡೇ ಕೇರ್ ಆಗಲಿ, ಮನೆಯಾಗಲಿ, ಜೇಬಿನಲ್ಲಿ ಹೆಸರು ಮತ್ತು ಫೋನ್ ನಂಬರಿನ ಚೀಟಿ ಇರಲಿ. ಮರಾಠಿಯಲ್ಲಿ ಬರೆದಿರಲಿ, ಯಾಕೆಂದರೆ ಪ್ಲಾಟ್‌ಫಾರ್ಮಿನಲ್ಲಿ ಅದನ್ನು ಓದುವವರು ಮರಾಠಿ ಬಲ್ಲವರೇ. "ಇವರಿಗೆ ಕನ್ನಡ ಮಾತ್ರ ಬರುತ್ತದೆ" ಅನ್ನುವ ಸಾಲನ್ನೂ ಸೇರಿಸಿ.

ಊರಿಗೆ ಕಳಿಸುವುದು

ಕರಾವಳಿಯ ಮನೆಗಳಲ್ಲಿ ಈ ಮಾತು ಬರದೇ ಇರುವುದಿಲ್ಲ. ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ಹತ್ತಿಸಿದರೆ ಒಂದು ರಾತ್ರಿಯಲ್ಲಿ ಊರು. ಗಾಳಿ ಬೆಳಕಿದೆ, ಅಂಗಳ ಇದೆ, ಎಲ್ಲರೂ ನಮ್ಮ ಭಾಷೆಯವರು. ಮೇಲಾಗಿ ಅವರೇ "ಮನಿಗ್ ಹೋಪ" (ಮನೆಗೆ ಹೋಗೋಣ) ಅಂತ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾರೆ. ಕೇಳಿ ಕೇಳಿ ಕರುಳು ಹಿಂಡುತ್ತದೆ.

ನಾವೂ ಕರೆದುಕೊಂಡು ಹೋದೆವು. ಮೂರು ತಿಂಗಳು ಬಿಟ್ಟು ಬಂದೆವು. ಭಾಷೆಯ ವಿಷಯದಲ್ಲಿ ಊರು ಗೆದ್ದಿತು. ನೆರೆಯವರು "ಹ್ವಾಯ್" ಅಂದರೆ ಮಾವನ ಮುಖ ಅರಳುತ್ತಿತ್ತು. ಆದರೆ ಅಲ್ಲಿ ನೋಡಿಕೊಂಡದ್ದು ಎಪ್ಪತ್ತೆರಡು ವರ್ಷದ ನಮ್ಮ ಅತ್ತೆ, ಒಬ್ಬರೇ. ಮಕ್ಕಳೆಲ್ಲ ಮುಂಬೈ, ಬೆಂಗಳೂರು. ರಾತ್ರಿ ಮಾವ ಅಂಗಳ ದಾಟಿ ತೋಟಕ್ಕೆ ಇಳಿದರೆ ಅತ್ತೆ ಟಾರ್ಚ್ ಹಿಡಿದು ಹಿಂದೆ ಹೋಗಬೇಕು. ಅಲ್ಲಿ ಬಾವಿ ಇದೆ. ಮೂರನೇ ತಿಂಗಳು ಅತ್ತೆ ಹತ್ತು ಕೆಜಿ ಇಳಿದಿದ್ದರು. ಫೋನಿನಲ್ಲಿ ಮಾತ್ರ ಎಲ್ಲ ಸರಿ ಇದೆ ಅನ್ನುತ್ತಿದ್ದರು.

ಇನ್ನೂ ಒಂದು ವಿಷಯ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಊರಿನ ಮನೆಯಲ್ಲಿ ಕೂತೇ ಮಾವ "ಮನಿಗ್ ಹೋಪ" ಅನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ತಾಯಿ ಇದ್ದ ಮನೆ. ಹೆಂಚು ತೆಗೆದು ತಾರಸಿ ಹಾಕುವ ಮೊದಲಿನ ಮನೆ. ಆ ಮನೆಗೆ ರೈಲು ಇಲ್ಲ ಅಲ್ವಾ? ಆಮೇಲೆ ನಾವು ಆ ಮಾತಿಗೆ "ಇದೇ ನಿಮ್ಮ ಮನೆ" ಅಂತ ವಾದ ಮಾಡುವುದನ್ನು ಬಿಟ್ಟೆವು. "ಹೋಪ, ಚಾ ಕುಡ್ದ್ ಹೋಪ" ಅನ್ನುತ್ತಿದ್ದೆವು. ಅಮ್ಮ ಏನು ಅಡುಗೆ ಮಾಡುತ್ತಿದ್ದರು ಅಂತ ಕೇಳುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಸಮಾಧಾನ ಆಗುತ್ತಿತ್ತು.

ಹಾಗಾಗಿ ಊರು ಸರಿ ಅನ್ನುವುದು ಒಂದೇ ಸಂದರ್ಭದಲ್ಲಿ. ಅಲ್ಲಿ ಗಟ್ಟಿಮುಟ್ಟಾದ ಇಬ್ಬರಾದರೂ ಇರಬೇಕು. ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರ ಇರುವಂತೆ. ವಯಸ್ಸಾದ ಹೆಂಡತಿಯ ಮೇಲೆ ಬಿಟ್ಟು ಬರುವುದಾದರೆ ಬೇಡವೇ ಬೇಡ. ಕಳಿಸುವುದೇ ಆದರೆ ಕಾಯಿಲೆಯ ಶುರುವಿನಲ್ಲಿ ಕಳಿಸಿ, ಹೊಸ ಜಾಗಕ್ಕೆ ಹೊಂದಿಕೊಳ್ಳುವ ಶಕ್ತಿ ಇರುವಾಗ. ನಾಲ್ಕು ತಿಂಗಳು ಅಣ್ಣನ ಮನೆ, ನಾಲ್ಕು ತಿಂಗಳು ತಮ್ಮನ ಮನೆ ಅಂತ ಸುತ್ತಿಸುವುದು ಅವರಿಗೆ ಎಲ್ಲಕ್ಕಿಂತ ಕಷ್ಟ. ಮಕ್ಕಳಿಗೆ ನ್ಯಾಯವಾಗಿ ಕಾಣುತ್ತದೆ. ಆದರೆ ಪ್ರತಿ ಸಲ ಬಚ್ಚಲು ಎಲ್ಲಿದೆ ಅಂತ ಹುಡುಕಬೇಕಾದವರು ಅವರು. ಅವರು ಒಂದೇ ಕಡೆ ಇರಲಿ, ಮಕ್ಕಳು ಸರದಿಯಲ್ಲಿ ಬರಲಿ.

ಹೋಮ್

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ನಮ್ಮ ಮನೆಯಲ್ಲಿ ಆ ದಾರಿ ಹಿಡಿಯಲಿಲ್ಲ. ಹಿಡಿದವರನ್ನು ನಾನು ಒಂದು ಮಾತೂ ಅನ್ನುವುದಿಲ್ಲ. ಒಬ್ಬರೇ ಮಗಳು, ಕೆಲಸಕ್ಕೆ ಹೋಗಲೇಬೇಕು, ತಾಯಿ ಹೊಡೆಯುತ್ತಾರೆ ಅಂದರೆ ಹೋಮ್ ಸರಿಯಾದ ಆಯ್ಕೆ. ನಾಲಾಸೋಪಾರಾ ಕಡೆ ಸ್ನೇಹಾಂಜಲಿ ಇದೆ, ಪುಣೆಯಲ್ಲಿ ತಪಸ್ ಇದೆ. ಸಾಮಾನ್ಯ ವೃದ್ಧಾಶ್ರಮ ಬೇರೆ, ಮರೆವಿನ ಕಾಯಿಲೆಯವರಿಗೆ ತಯಾರಾದ ಹೋಮ್ ಬೇರೆ. ಮೊದಲನೆಯದರಲ್ಲಿ ಸೇರಿಸಿ, ನಾಲ್ಕು ತಿಂಗಳಿಗೆ "ನಮ್ಮಿಂದ ಆಗುವುದಿಲ್ಲ, ಕರೆದುಕೊಂಡು ಹೋಗಿ" ಅನ್ನಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ಅಣ್ಣನೋ ಅಕ್ಕನೋ ಬೆಂಗಳೂರಿನಲ್ಲಿ ಇದ್ದರೆ ಅಲ್ಲಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನಂಥ ಸಂಸ್ಥೆಯನ್ನೂ ವಿಚಾರಿಸಿ. ಸುತ್ತ ಕನ್ನಡ ಕೇಳಿಸುತ್ತದೆ. ಯಾವ ಹೋಮಾದರೂ ಸಂಜೆ ಐದರಿಂದ ಏಳರೊಳಗೆ ಹೋಗಿ ನೋಡಿ. ಆ ಹೊತ್ತಿಗೇ ಅವರ ಚಡಪಡಿಕೆ ಜಾಸ್ತಿ, ಆ ಹೊತ್ತಿಗೇ ಕೆಲಸದವರ ಪಾಳಿ ಬದಲಾಗುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಎಲ್ಲ ಹೋಮೂ ಚೆನ್ನಾಗಿಯೇ ಕಾಣುತ್ತದೆ.

ನೋಡಿಕೊಳ್ಳುವವರಿಗೆ ಯಾರು?

ಮೇಲಿನ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಇದು ಬೇಕು. ಗೋವಾದಲ್ಲಿ ಒಂದು ಅಧ್ಯಯನ ಆಗಿದೆ, 2008ರಲ್ಲಿ ಪ್ರಕಟವಾಯಿತು. ಮರೆವಿನ ಕಾಯಿಲೆ ಇದ್ದ 81 ಮನೆಗಳನ್ನು ತೆಗೆದುಕೊಂಡರು. ಒಂದು ಗುಂಪಿನ ಮನೆಗಳಿಗೆ ಆರು ತಿಂಗಳು ಸಲಹೆಗಾರರು ಹೋಗಿ ಬಂದರು. ಅವರು ಡಾಕ್ಟರಲ್ಲ, ನರ್ಸೂ ಅಲ್ಲ. ಸ್ಥಳೀಯ ಭಾಷೆ ಬಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಕಾಯಿಲೆ ಏನು ಅಂತ ತಿಳಿಸಿದರು, ಸಿಟ್ಟು ಹಠ ಬಂದಾಗ ಏನು ಮಾಡಬೇಕು ಅಂತ ಹೇಳಿಕೊಟ್ಟರು, ಬೇಕಾದಾಗ ಡಾಕ್ಟರ ಹತ್ತಿರ ಕಳಿಸಿದರು, ಸರಕಾರದ ಯೋಜನೆಗಳ ಬಗ್ಗೆ ಹೇಳಿದರು. ಆ ಮನೆಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಭಾರ ಕಡಿಮೆಯಾಯಿತು. ದುಬಾರಿ ಯಂತ್ರ ಇಲ್ಲ, ಹೊಸ ಔಷಧ ಇಲ್ಲ. ಮನೆಗೆ ಬಂದು, ನಮ್ಮ ಭಾಷೆಯಲ್ಲಿ, ಗೊತ್ತಿರುವವರು ಕೂತು ಮಾತಾಡಿದ್ದು.

ಮುಂಬೈಯಲ್ಲಿ ಆರೈಕೆ ಮಾಡುವವರ ಕೂಟಗಳು ನಡೆಯುತ್ತವೆ. ಮರೆವಿನ ಕಾಯಿಲೆಯವರಿಗಾಗಿ 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಸ್ಥೆಗೆ ಇಲ್ಲೂ ಶಾಖೆ ಇದೆ. ನಾನು ಮೊದಲ ಸಲ ಒಂದು ಕೂಟಕ್ಕೆ ಹೋದಾಗ ನನ್ನ ಮರಾಠಿ ಅಷ್ಟಕ್ಕಷ್ಟೇ. ಪಕ್ಕದಲ್ಲಿ ಕೂತಿದ್ದ ಹೆಂಗಸು ಗಂಡ ತನ್ನನ್ನೇ ಯಾರು ನೀನು ಅಂತ ಕೇಳಿದ್ದನ್ನು ಹೇಳಿದರು. ಅದಕ್ಕೆ ಭಾಷೆ ಬೇಕಾಗಲಿಲ್ಲ. ಇಲ್ಲಿ ಮಾತ್ರ ನನ್ನ ಭಾಷೆಯ ನಿಯಮ ಸಡಿಲ. ಯಾವ ಭಾಷೆಯ ಕೂಟವಾದರೂ ಹೋಗಿ. ಹೋಗಲು ಆಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡ ಆರಿಸಿಕೊಳ್ಳಬಹುದು. ಹಿರಿಯರ ಸಹಾಯವಾಣಿ 14567 ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ.

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಅನ್ನುವ ಅಂದಾಜು 2023ರಲ್ಲಿ ಬಂತು. ನೂರಕ್ಕೆ ಏಳು ಜನಕ್ಕಿಂತ ಹೆಚ್ಚು. ನಿಮ್ಮ ಬಿಲ್ಡಿಂಗಿನಲ್ಲೇ ಇನ್ನೊಂದು ಮನೆ ಬಾಗಿಲು ಹಾಕಿಕೊಂಡು ಇದನ್ನೇ ಅನುಭವಿಸುತ್ತಿರಬಹುದು.

ದುಡ್ಡಿನ ವಿಷಯ ಎರಡೇ ಮಾತು. 70 ದಾಟಿದವರಿಗೆಲ್ಲ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಕಾರ್ಡು ಸಿಗುತ್ತದೆ, ವರ್ಷಕ್ಕೆ 5 ಲಕ್ಷದವರೆಗೆ. ಅದು ಆಸ್ಪತ್ರೆಗೆ ಸೇರಿದಾಗ ಮಾತ್ರ. ಬ್ಯೂರೋದವರ ಸಂಬಳಕ್ಕೆ ಬರುವುದಿಲ್ಲ. ಎರಡನೆಯದು ಸಹಿ. ವಿಲ್ಲು, ಜಂಟಿ ಖಾತೆ, ನಾಮಿನಿ ಎಲ್ಲವನ್ನೂ ಅವರಿಗೆ ಅರ್ಥವಾಗುವಾಗಲೇ ಮಾಡಿಸಿ. ಬುದ್ಧಿ ಪೂರ್ತಿ ಮಸುಕಾದ ಮೇಲೆ ಪವರ್ ಆಫ್ ಅಟಾರ್ನಿ ನಿಲ್ಲುವುದಿಲ್ಲ, ಕೋರ್ಟಿಗೆ ಹೋಗಬೇಕಾಗುತ್ತದೆ.

ನಮ್ಮ ಸಂಘಗಳಿಂದ ಏನು ಕೇಳಬಹುದು

ಮುಂಬೈಯಲ್ಲಿ ಕನ್ನಡದವರ ಸಂಘಗಳಿಗೆ ಬರ ಇಲ್ಲ. ಮಾಟುಂಗಾದ ಮೈಸೂರ್ ಅಸೋಸಿಯೇಶನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಅಸೋಸಿಯೇಶನ್, ಊರೂರಿನ ಹೆಸರಿನ ಚಿಕ್ಕ ಚಿಕ್ಕ ಬಳಗಗಳು. ಸಭಾಂಗಣ ಇದೆ, ಯಕ್ಷಗಾನ ಇದೆ, ವಿದ್ಯಾರ್ಥಿವೇತನ ಇದೆ. ಡೇ ಕೇರ್ ಕಟ್ಟಿಸಿ ಅಂತ ಕೇಳಬೇಕಾಗಿಲ್ಲ. ಅದು ದೊಡ್ಡ ಕೆಲಸ. ವಾರಕ್ಕೆ ಎರಡು ಗಂಟೆ ಮನೆಗೆ ಬಂದು ಕೂರುವ, ಅವರ ಭಾಷೆ ಬಲ್ಲ ಒಬ್ಬರನ್ನು ಕೇಳಿ. ಡೇ ಕೇರ್, ಬ್ಯೂರೋ, ಹೋಮ್, ಯಾರೂ ಕೊಡಲಾಗದ್ದು ಅದು. ಊರಿನಲ್ಲಿ ಅದೊಂದು ಮಾತ್ರ ಧಾರಾಳವಾಗಿ ಸಿಗುತ್ತದೆ.

ನಾವು ಕೇಳಲು ಐದು ವರ್ಷ ತೆಗೆದುಕೊಂಡೆವು. ಕೇಳಿದಾಗ ರಾತ್ರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಬಂದರು. ಪ್ರತಿ ಭಾನುವಾರ ಹತ್ತು ಗಂಟೆಗೆ. ಕನ್ನಡ ಪೇಪರ್ ತಂದು ಗಟ್ಟಿಯಾಗಿ ಓದುತ್ತಿದ್ದರು. ಮಾವನಿಗೆ ಸುದ್ದಿ ಅರ್ಥವಾಗುತ್ತಿತ್ತೋ ಇಲ್ಲವೋ. ಓದು ಮುಗಿದಾಗ ಜೇಬು ತಡಕಾಡಿ, ಮೇಷ್ಟ್ರ ಹತ್ತಿರ ದುಡ್ಡು ತಗೋಬೇಡಿ ಅಂತ ನನಗೆ ಹೇಳುತ್ತಿದ್ದರು. ಆ ಎರಡು ಗಂಟೆ ನಾನು ಒಳಗಿನ ಕೋಣೆಯಲ್ಲಿ ಮಲಗುತ್ತಿದ್ದೆ.